ಅಹ್ಮದ್ ಖಾನ್ (1926–2017)

ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿನ ಕ್ಲಬ್‌ಗಳಲ್ಲೇ ಫುಟ್‌ಬಾಲ್ ಆಟ ಕಲಿತ ಅಹ್ಮದ್ ಖಾನ್, ಸೆಂಟರ್ ಫಾರ್ವರ್ಡ್ ಮತ್ತು ಎಡ ಅಂಚಿನ ಆಟಗಾರನ ನಡುವೆ ನಿಂತು ಇಬ್ಬರಿಗೂ ಚೆಂಡು ಒದಗಿಸುವ 'ಇನ್‌ಸೈಡ್ ಲೆಫ್ಟ್' ಸ್ಥಾನದಲ್ಲಿ ಆಡುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುಪಾಲು ಆಟಗಾರರು ಬೂಟು ತೊಡದೆ ಬರಿಗಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿದ ಭಾರತ ತಂಡವು ಫ್ರಾನ್ಸ್‌ಗೆ 1–2ರಿಂದ ಸೋತಿತಾದರೂ, ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪದಿದ್ದರೆ ಫಲಿತಾಂಶ ಬೇರೆಯೇ ಆಗಬಹುದಿತ್ತು. ಆ ತಂಡದಲ್ಲಿ ಖಾನ್ ಇದ್ದರು.

1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡನೆ ಖಾನ್ ಕೂಡಿದ ಐವರ ಮುಂಪಡೆಯನ್ನು ಬಂಗಾಳದ ಅಭಿಮಾನಿಗಳು 'ಪಂಚಪಾಂಡವರು' ಎಂದು ಕರೆದರು. ಐವರೂ ದಕ್ಷಿಣ ಭಾರತದವರೆಂಬುದು ಗಮನಾರ್ಹ. ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದಿತು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಮಣಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯ 10–1ರಿಂದ ಗೆದ್ದಾಗ ಭಾರತದ ಆ ಒಂದು ಗೋಲು ಖಾನ್ ಅವರದು. ಬೂಟು ಕಡ್ಡಾಯವಾದದ್ದು ಈ ಸೋಲಿನ ನಂತರವೇ. ಬರಿಗಾಲ ಕಾಲದ ಈ ಅಸಾಮಾನ್ಯ ಆಟಗಾರ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ನಿಧನರಾದರು.