ಪಹಣಿ ಎಲ್ಲರಿಗೂ ಸಿಗುತ್ತೆ, ಅಂಕಪಟ್ಟಿ ಯಾಕೆ ಸಿಗಲ್ಲ?

ಅಡ್ಡಗದ್ದೆಯ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಇವತ್ತು ಮೊಬೈಲಿನಲ್ಲಿ ನೋಡಬಹುದು. ಯಾರ ಹೆಸರಲ್ಲಿ ಎಷ್ಟು ಗುಂಟೆ, ಯಾವ ಬೆಳೆ, ಎಲ್ಲಿ ಸಾಲ, ಎಲ್ಲ ಅದರಲ್ಲಿದೆ. ಭೂಮಿ ಯೋಜನೆ ಬಂದಮೇಲೆ ಇದು ನಮಗೆ ಮಾಮೂಲು. ಆದರೆ ಅದೇ ಮನೆಯ ಹುಡುಗಿಯ ಪದವಿ ಅಂಕಪಟ್ಟಿಯನ್ನು ಬೇರೆಯವರು ಕೇಳಿದರೆ ವಿಶ್ವವಿದ್ಯಾಲಯ ಕೊಡುವುದಿಲ್ಲ. ಎರಡೂ ಸರ್ಕಾರದ ಕಪಾಟಿನ ದಾಖಲೆಗಳೇ. ಹಾಗಾದರೆ ಈ ಗೆರೆ ಎಳೆದದ್ದು ಯಾರು, ಯಾವಾಗ?

ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ ಪರೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು. ಅಲ್ಲಿ ಹೆಸರಿರುತ್ತಿರಲಿಲ್ಲ, ರಿಜಿಸ್ಟರ್ ನಂಬರ್ ಮಾತ್ರ. ಎಷ್ಟು ಜನ ಪಾಸು ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು, ಫೇಲಾದ ಮಗುವಿನ ಮಾನವೂ ಉಳಿಯುತ್ತಿತ್ತು. ಕಾನೂನು ಬರುವ ಮೊದಲೇ ಇದ್ದ ಒಳ್ಳೆಯ ಪದ್ಧತಿ ಅದು.

ಸರ್ಕಾರಿ ಕಡತದ ಕಥೆ ಬೇರೆ. ಬ್ರಿಟಿಷರು 1923ರಲ್ಲಿ ಅಧಿಕೃತ ರಹಸ್ಯ ಕಾಯ್ದೆ ತಂದರು. ಸ್ವಾತಂತ್ರ್ಯ ಬಂದರೂ ಕಚೇರಿಗಳ ಬಾಯಿ ಮುಚ್ಚಿಯೇ ಇತ್ತು. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ತಮ್ಮ ಹೆಸರಲ್ಲಿ ಬರೆದ ಮಸ್ಟರ್ ರೋಲ್ ತೋರಿಸಿ ಎಂದು ಹಟ ಹಿಡಿದಮೇಲೆ ಗಾಳಿ ಬದಲಾಯಿತು. ತಮಿಳುನಾಡು, ಗೋವಾ 1997ರಲ್ಲಿ ಕಾಯ್ದೆ ಮಾಡಿದವು, ಕರ್ನಾಟಕ 2000ದಲ್ಲಿ. ಇಡೀ ದೇಶದ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಆ ಕಾಯ್ದೆಯಲ್ಲೇ ಕಲಂ 8(1)(ಜೆ) ಎಂಬ ಬೇಲಿ ಇತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಮಾಹಿತಿ ಕೊಡಬೇಕಿಲ್ಲ, ಆದರೆ ಜನರ ಹಿತ ದೊಡ್ಡದಿದ್ದರೆ ಕೊಡಬೇಕು. ಬೇಲಿಗೆ ತಡಮೆ ಇಟ್ಟ ಹಾಗೆ.

2011ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ, ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯನ್ನು ತಾನು ನೋಡಬಹುದು ಎಂದಿತು. ತಿದ್ದಿದವರ ಹೆಸರು ಮಾತ್ರ ಕೊಡಬೇಕಿಲ್ಲ.

ಮುಂದಿನ ತಿರುವಿಗೆ ಕಾರಣರಾದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರದ ಕೈಯಿಂದ ಜನರನ್ನು ಕಾಯಲು ಸಿಕ್ಕ ಹಕ್ಕು ಅದು.

ಅದೇ ಹೊತ್ತಿಗೆ ದೆಹಲಿ ವಿಶ್ವವಿದ್ಯಾಲಯದ ಪ್ರಕರಣ ನಡೆಯುತ್ತಿತ್ತು. 1978ರಲ್ಲಿ ಬಿ.ಎ. ಪಾಸಾದವರ ರಿಜಿಸ್ಟರ್ ತೋರಿಸಿ ಎಂದು ಒಬ್ಬರು ಕೇಳಿದ್ದರು. ಪ್ರಧಾನಿ ನರೇಂದ್ರ ಮೋದಿಯವರು ಪಾಸಾದದ್ದು ಆ ವರ್ಷವೇ ಎಂದು ವಿಶ್ವವಿದ್ಯಾಲಯ ಹೇಳಿದೆ. ಕೇಂದ್ರ ಮಾಹಿತಿ ಆಯೋಗ 2016ರ ಡಿಸೆಂಬರಿನಲ್ಲಿ ತೋರಿಸಿ ಎಂದಿತು. ದೆಹಲಿ ಹೈಕೋರ್ಟ್ 2025ರ ಆಗಸ್ಟ್ 25ರಂದು ಆ ಆದೇಶವನ್ನು ರದ್ದು ಮಾಡಿತು. ಅಂಕ, ಪದವಿ ಎಲ್ಲ ಖಾಸಗಿ ಮಾಹಿತಿ ಎಂಬುದು ಅದರ ನಿಲುವು.

ಇನ್ನೊಂದು ಕಡೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 8(1)(ಜೆ) ಕಲಮನ್ನೇ ಬದಲಿಸಿತು. ಷರತ್ತುಗಳು ಹೋದವು, 'ವೈಯಕ್ತಿಕ ಮಾಹಿತಿ' ಎಂಬ ಮಾತಷ್ಟೇ ಉಳಿಯಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ಬೇಲಿಯಲ್ಲಿದ್ದ ತಡಮೆ ಮುಚ್ಚಿದಂತಾಯಿತು.

ನಮಗೆ ಎರಡೂ ಬೇಕು. ಕೊಪ್ಪದಿಂದ ಕಾಲೇಜಿಗೆ ಹೋಗುವ ಹುಡುಗಿಯ ಫೋನ್ ನಂಬರ್, ಜಾತಿ, ವಿಳಾಸ ಕಂಡವರ ಕೈಗೆ ಸಿಗಬಾರದು. ಆದರೆ ಸರ್ಕಾರಿ ಸಂಬಳ ತೆಗೆದುಕೊಳ್ಳುವವರ ಪದವಿ ನಿಜವೇ, ವಿದ್ಯಾರ್ಥಿವೇತನ ಅರ್ಹರಿಗೆ ತಲುಪಿತೇ ಎಂದು ಕೇಳುವ ಬಾಗಿಲು ಮುಚ್ಚಬಾರದು. ಬಡವರ ಮಾನ ಕಾಯಬೇಕಾದ ಹಕ್ಕು ಅಧಿಕಾರದಲ್ಲಿರುವವರ ಪರದೆಯಾದರೆ ನಷ್ಟ ನಮ್ಮದೇ.

ದಾರಿ ಪೂರ್ತಿ ಮುಚ್ಚಿಲ್ಲ. ಜನರ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದು ಎನ್ನುವ ಕಲಂ 8(2) ಈಗಲೂ ಇದೆ. ಹೆಸರು ಮರೆಮಾಡಿ ಉಳಿದದ್ದನ್ನು ಕೊಡಿ ಎನ್ನಲು ಕಲಂ 10 ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಹೆಸರು ಕೇಳುವ ಬದಲು ಲೆಕ್ಕ ಕೇಳಿ: ಯಾವ ಕಾಲೇಜಿನಲ್ಲಿ ಎಷ್ಟು ಅರ್ಜಿ, ಎಷ್ಟು ಮಂಜೂರು, ಎಷ್ಟು ಬಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಲಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಿ.

ಹಳೆಯ ಪತ್ರಿಕೆಯ ಪದ್ಧತಿ ಇವತ್ತಿಗೂ ಸಲ್ಲುತ್ತದೆ. ಹೆಸರು ಗುಟ್ಟಾಗಿರಲಿ, ಲೆಕ್ಕ ಬಯಲಾಗಲಿ.