ಎಲೆಕ್ಟ್ರಾನಿಕ್ ಸಿಟಿಯ ಕಲ್ಲು ಮತ್ತು ನೀರು

ಚರಿತ್ರೆ ಎಂದೊಡನೆ ನಮಗೆ ಅರಸರ ವಂಶಾವಳಿ, ಯುದ್ಧ, ಶಾಸನಗಳು ನೆನಪಾಗುತ್ತವೆ. ಕಾಲಡಿಯ ನೆಲಕ್ಕೂ ಒಂದು ಚರಿತ್ರೆಯಿದೆ ಎಂಬುದು ಬಾವಿ ಬತ್ತಿದಾಗ ಮಾತ್ರ ನೆನಪಾಗುವ ವಿಷಯ. ಬೆಂಗಳೂರಿನ ದಕ್ಷಿಣಕ್ಕಿರುವ ಎಲೆಕ್ಟ್ರಾನಿಕ್ ಸಿಟಿಯನ್ನೇ ತೆಗೆದುಕೊಳ್ಳೋಣ. ಆ ಹೆಸರಿನ ವಯಸ್ಸು ಅರ್ಧ ಶತಮಾನವೂ ಇಲ್ಲ. ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಇದಕ್ಕೆ ಅಡಿಪಾಯ ಹಾಕಿತು. ಸಮೀಪದ ಬೇಗೂರಿನ ವೀರಗಲ್ಲು ಇನ್ನೂ ಹಳೆಯದು. ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ ಆ ಶಾಸನದ ಕಾಲ ಕ್ರಿ.ಶ. ಸುಮಾರು 890. ಆದರೆ ಈ ನೆಲದ ಶಿಲೆಯ ಮುಂದೆ ಅದೂ ನಿನ್ನೆ ಮೊನ್ನೆಯ ಮಾತು.

ಇಲ್ಲಿನ ಮೂಲಶಿಲೆ ‘ಪೆನಿನ್ಸುಲರ್ ನೈಸ್’. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ.ಎಫ್. ಸ್ಮೀತ್ ಅವರು 1916ರಲ್ಲಿ ಈ ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೂ ಇದೇ ಜಾತಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಅದನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು.

ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂಬ ಮೂರು ಪದರಗಳನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ನಮ್ಮ ಭಾಗದಲ್ಲಿ ಭೂಕವಚದ ದಪ್ಪ ಸುಮಾರು 35 ಕಿಲೋಮೀಟರ್. ಅದರ ಕೆಳಗಿನ ಮ್ಯಾಂಟಲ್ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಹಬ್ಬಿದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 1,000 ಅಡಿಯ ಕೊಳವೆ ಬಾವಿ ಎಂದರೆ ಬರೀ 300 ಮೀಟರ್. ಭೂಕವಚದ ನೂರರಲ್ಲಿ ಒಂದು ಪಾಲೂ ಅಲ್ಲ. ಹಾಗಾದರೆ ಇನ್ನೂ ಆಳಕ್ಕೆ ಕೊರೆದರೆ ನೀರು ಸಿಗಲೇಬೇಕಲ್ಲವೇ ಎಂದು ಯಾರಿಗಾದರೂ ಅನಿಸೀತು.

ತೊಡಕಿರುವುದು ಇಲ್ಲಿಯೇ. ನೈಸ್ ಶಿಲೆಯು ಮರಳಿನಂತೆ ನೀರು ಹೀರುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ನೀರು ನಿಲ್ಲುವುದು ಎರಡೇ ಕಡೆ. ಒಂದು, ಬಿಸಿಲು ಮಳೆಗಳಿಂದ ಶಿಥಿಲಗೊಂಡು ಗರಸಾದ ಮೇಲಿನ ಪದರ. ಎರಡು, ಅದರ ಕೆಳಗಿನ ಗಟ್ಟಿಬಂಡೆಯ ಬಿರುಕುಗಳು. ಆಳಕ್ಕೆ ಹೋದಂತೆಲ್ಲ ಸಾಮಾನ್ಯವಾಗಿ ಬಿರುಕುಗಳು ವಿರಳವಾಗುತ್ತವೆ, ಕಿರಿದಾಗುತ್ತವೆ. ಆ ಬಿರುಕಿನ ನೀರೂ ಮೇಲಿನ ಪದರದಿಂದಲೇ, ಬಹು ನಿಧಾನವಾಗಿ, ಇಳಿದು ಬಂದದ್ದು.

ನಮ್ಮ ಹಿರಿಯರು ಭೂವಿಜ್ಞಾನ ಓದಿರಲಿಲ್ಲ. ಆದರೂ ಅವರ ವ್ಯವಸ್ಥೆ ಈ ಶಿಲೆಗೆ ಒಪ್ಪುವಂಥದ್ದು. ಆನೇಕಲ್ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ದೊಡ್ಡ ನದಿಯಿಲ್ಲ. ಆದ್ದರಿಂದ ತಗ್ಗಿನಲ್ಲಿ ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದಕ್ಕೆ ಹರಿದು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತಿತ್ತು. ಕೆರೆಯಲ್ಲಿ ನಿಂತ ನೀರು ಗರಸಿನೊಳಗೆ ಇಂಗಿ, ಕೆಳಗಿನ ತೆರೆದ ಬಾವಿಗಳಲ್ಲಿ ಒಸರುತ್ತಿತ್ತು. ಕಪಿಲೆ ಎಷ್ಟು ಎತ್ತಿದರೂ ಬಾವಿ ಮತ್ತೆ ತುಂಬಿಕೊಳ್ಳಲು ಬಿಡುವಿರುತ್ತಿತ್ತು.

ಕಬ್ಬಿಣದ ಕೊರೆಯಂತ್ರ ಮತ್ತು ನೀರೊಳಗೆ ಮುಳುಗಿ ಕೆಲಸ ಮಾಡುವ ಪಂಪು ಬಂದ ಮೇಲೆ ಈ ಲೆಕ್ಕ ತಪ್ಪಿತು. ಮೊದಲು ಗರಸಿನ ಪದರ ಬರಿದಾಯಿತು, ತೆರೆದ ಬಾವಿಗಳು ಕಸದ ಗುಂಡಿಗಳಾದವು. ಆಮೇಲೆ ಬಿರುಕುಗಳ ಸರದಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸಾರ್ವಜನಿಕ ಕೊಳವೆ ಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದಕ್ಕೂ ಮೊದಲು, 2017ರಲ್ಲಿ, ಅತ್ಯಾಳದಿಂದ ನೀರು ತರುವ ‘ಪಾತಾಳಗಂಗೆ’ ಎಂಬ ಯೋಜನೆಯ ಪ್ರಸ್ತಾಪವೂ ಬಂದು, ವಿಜ್ಞಾನಿಗಳ ಆಕ್ಷೇಪಕ್ಕೆ ಗುರಿಯಾಗಿತ್ತು. ಪಾತಾಳದಲ್ಲಿ ಗಂಗೆ ಹರಿಯುತ್ತಾಳೆಂಬ ಪುರಾಣದ ಮಾತು ಭಕ್ತಿಗೆ ಸರಿ. ಬಂಡೆಗೆ ಆ ನಂಬಿಕೆ ಗೊತ್ತಿಲ್ಲ.

ಈಗ ಒಂದು ಚಿಕ್ಕ ಲೆಕ್ಕ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಆ ಮೊದಲ 332 ಎಕರೆಯ ಮೇಲೆ ಬೀಳುವ ಮಳೆಯನ್ನಷ್ಟೇ ಗುಣಿಸಿ ನೋಡಿ: ವರ್ಷಕ್ಕೆ ಸುಮಾರು 130 ಕೋಟಿ ಲೀಟರ್. ಅದಷ್ಟನ್ನೂ ಹಿಡಿಯಲಾಗದು, ಆವಿಯಾಗುವುದುಂಟು, ಹರಿದು ಹೋಗುವುದುಂಟು. ಆದರೆ ಕಾಂಕ್ರೀಟು, ಡಾಂಬರು, ಗಾಜಿನ ಕಟ್ಟಡಗಳ ನೆಲದಲ್ಲಿ ಅದಕ್ಕೆ ಇಂಗುವ ದಾರಿಯನ್ನೇ ಮುಚ್ಚಿ, ಕೆಳಗೆ ಕೊರೆಯುತ್ತ ಹೋಗುವುದು ತುಂಬದ ಕಣಜದಿಂದ ಕಾಳು ಅಳೆದಂತೆ.

ಕಾವೇರಿಯ ನೀರು ಬರಲಿ, ಬೇಡವೆನ್ನುವವರಾರು? ಆದರೆ ಅದು ದೂರದಿಂದ, ಎತ್ತರಕ್ಕೆ ಪಂಪು ಮಾಡಿ ತರುವ ನೀರು. ಅದರ ಮೇಲೆ ಹಕ್ಕು ಕೇಳುವ ರೈತರೂ ಊರುಗಳೂ ಹಲವು. ನಮ್ಮ ಪಾಲಿನ ಮಳೆಗೆ ಅಂಥ ತಕರಾರಿಲ್ಲ. ಕೆರೆಯ ಒತ್ತುವರಿ ತೆರವುಗೊಳಿಸುವುದು, ರಾಜಕಾಲುವೆಗೆ ಕೊಳಚೆ ಸೇರದಂತೆ ನೋಡಿಕೊಳ್ಳುವುದು, ಕಸ ತುಂಬಿದ ಹಳೆಯ ಬಾವಿಯನ್ನು ಶುಚಿಗೊಳಿಸಿ ಮಾಳಿಗೆಯ ನೀರನ್ನು ಶೋಧಿಸಿ ಅದಕ್ಕೆ ಬಿಡುವುದು, ಇವೆಲ್ಲ ಇಂದೇ ಆಗಬಹುದಾದ ಕೆಲಸಗಳು. ಓದುಗರಲ್ಲಿ ಆ ಭಾಗದಲ್ಲಿ ವಾಸವಿರುವವರು ತಮ್ಮ ಬಡಾವಣೆಯಲ್ಲಿ ಅಂಥ ಹಳೆಯ ಬಾವಿ ಎಲ್ಲಿತ್ತೆಂದು ಊರಿನ ಹಿರಿಯರನ್ನು ಕೇಳಿ ನೋಡಲಿ. ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ.