ರೂಪಾಂತರ ಮತ್ತು ಗುರುತು: ತೇರದಾಳ ಪರಿಸರದ ಕಥನಪರಂಪರೆಯಲ್ಲಿ ಕಾಮರೂಪಿಗಳು

ಮನುಷ್ಯನು ಮೃಗವಾಗುವ, ಮೃಗವು ಮನುಷ್ಯನಾಗುವ ಕಥೆಗಳು ಅನೇಕ ಜನಸಮುದಾಯಗಳಲ್ಲಿ ದೊರೆಯುತ್ತವೆ. ಯುರೋಪಿನ ತೋಳಮಾನವನು ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸ್‌ನ ಕೃತಿಯಲ್ಲಿಯೇ ಕಾಣಿಸಿಕೊಂಡು, 20ನೆಯ ಶತಮಾನದಲ್ಲಿ ಚಲನಚಿತ್ರದ ಜನಪ್ರಿಯ ಪಾತ್ರವಾಗಿ ಬೆಳೆದನು. ಆ ಕಥೆಗಳಲ್ಲಿ ಬಹುಮಟ್ಟಿಗೆ ಭಯ ಹುಟ್ಟುವುದು ಮನೆಯ ಮನುಷ್ಯನು ಕಾಡಿನ ಮೃಗವಾಗಿ ಹೊರಹೋಗುವುದರಿಂದ. ಕೃಷ್ಣಾ–ಘಟಪ್ರಭಾ ಸೀಮೆಯ ಭಾಷೆ ಮತ್ತು ಜನಪದವನ್ನು ಆಧರಿಸಿದ ಪ್ರಮುಖ ಕಥನಗಳಲ್ಲಿ ಈ ಚಲನೆ ತಿರುವುಮುರುವಾಗಿದೆ. ಇಲ್ಲಿ ಹೊರಗಿನ ಜೀವವೊಂದು ಮನೆಯ ಯಜಮಾನನ ರೂಪ ತಾಳಿ ಹೊಸ್ತಿಲು ದಾಟಿ ಒಳಬರುತ್ತದೆ. ಆದ್ದರಿಂದ ಇಲ್ಲಿನ ಮುಖ್ಯ ಪ್ರಶ್ನೆ ರೂಪದ್ದಲ್ಲ, ಗುರುತಿನದು. ಬಂದವನು ಯಾರೆಂದು ಹೇಳುವ ಅಧಿಕಾರ ಯಾರಿಗಿದೆ ಎಂಬುದನ್ನು ಈ ಕಥನಗಳು ಹೇಗೆ ಎತ್ತುತ್ತವೆ ಎಂಬುದರ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಬಾಗಲಕೋಟೆ ಜಿಲ್ಲೆಯ ತೇರದಾಳವು ಪ್ರಾಚೀನ ಜೈನ ಕೇಂದ್ರ. ಮಂಡಲಿಕ ಗೊಂಕನು ಇಲ್ಲಿ ನೇಮಿನಾಥ ಬಸದಿಯನ್ನು ನಿರ್ಮಿಸಿದುದನ್ನು 1123ರ ಶಾಸನವು ತಿಳಿಸುತ್ತದೆ. ಜೈನ ಕಥನದಲ್ಲಿ ದೇಹಾಂತರವೆಂಬುದು ಕರ್ಮದ ಫಲ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳನ್ನು ಕಳೆದು, ಕೊನೆಗೆ ಅಭಯರುಚಿ–ಅಭಯಮತಿ ಎಂಬ ಒಡಹುಟ್ಟಿದವರಾಗಿ ಜನಿಸುತ್ತಾರೆ. ಅಲ್ಲಿ ಒಂದೇ ಜೀವವು ಹಲವು ದೇಹಗಳನ್ನು ಧರಿಸುತ್ತದೆ. ಹಿಂದಿನ ಜನ್ಮಗಳ ಸ್ಮರಣೆಯೇ ಗುರುತಿಗೆ ಆಧಾರ. ಜನಪದ ಕಥೆಯ ಕಾಮರೂಪಿಗಾದರೋ ಜನ್ಮಾಂತರದ ಅವಕಾಶವಿಲ್ಲ. ಅವನು ಒಂದೇ ರಾತ್ರಿಯಲ್ಲಿ ಬದಲಾಗುತ್ತಾನೆ. ಅವನನ್ನು ಗುರುತಿಸಬೇಕಾದವರು ಜೊತೆಯಲ್ಲಿ ಬಾಳುವವರು.

ಈ ಸೀಮೆಯ ರಂಗಭೂಮಿಯೂ ಗುರುತಿನ ಈ ಆಟವನ್ನು ಬಲ್ಲದು. ಅಪರಾಳ ತಮ್ಮಣ್ಣ ಹಾಗೂ ಕುಲಗೋಡ ತಮ್ಮಣ್ಣ ಇವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತವು ಬಾಗಲಕೋಟೆ–ಬೆಳಗಾವಿ ಭಾಗದ ಅಚ್ಚುಮೆಚ್ಚಿನ ಆಟ. ಅದರಲ್ಲಿ ಕೃಷ್ಣನು ಕೊರವಂಜಿಯಾಗಿ ಬಂದು ಕಣಿ ಹೇಳುತ್ತಾನೆ. ಬಂದವನು ಯಾರೆಂಬುದು ಪ್ರೇಕ್ಷಕರಿಗೆ ಗೊತ್ತು, ಸತ್ಯಭಾಮೆಗೆ ಗೊತ್ತಿಲ್ಲ. ಈ ಅಂತರವೇ ಅಲ್ಲಿ ವಿನೋದಕ್ಕೆ ಕಾರಣ. ಬಂದವನು ದೇವರಾದ್ದರಿಂದ ಮನೆಗೆ ಕೇಡಿಲ್ಲ. ಇದೇ ಅಂತರವು ಕೇಡಿಗೆ ಕಾರಣವಾಗುವುದು ಚಂದ್ರಶೇಖರ ಕಂಬಾರರ ಕಾವ್ಯದಲ್ಲಿ.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಕಂಬಾರರ 'ಹೇಳತೇನ ಕೇಳ' (1964) ಲಾವಣಿಯ ಧಾಟಿಯಲ್ಲಿ, ಈ ಭಾಗದ ಆಡುನುಡಿಯಲ್ಲಿ ರಚಿತವಾದ ಕಥನಕಾವ್ಯ. ಶಿವಾಪುರದ ಗೌಡನು ಹುಲಿಬೇಟೆಗೆ ಹೋಗುತ್ತಾನೆ. ರಾಕ್ಷಸನು ಅವನನ್ನು ಕೊಂದು, ಅವನದೇ ರೂಪದಲ್ಲಿ ಊರಿಗೆ ಮರಳುತ್ತಾನೆ. ಗೌಡಿಕೆ, ಹೊಲಮನೆ, ಹೆಂಡತಿ, ಹುಟ್ಟಲಿರುವ ಮಗು—ಎಲ್ಲವೂ ಒಂದು ಮುಖದ ಹೋಲಿಕೆಯಿಂದ ಕೈಬದಲಾಗುತ್ತವೆ. 'ಋಷ್ಯಶೃಂಗ' ನಾಟಕದಲ್ಲಿ ಬರಗಾಲದ ಊರು ಮಳೆಗಾಗಿ ಕಾಯುತ್ತದೆ. 'ಹುಲಿಯ ನೆರಳು' (1980) ನಾಟಕವು ಮತ್ತೆ ಇದೇ ವಸ್ತುವಿಗೆ ಮರಳಿ, ಹುಟ್ಟಿನ ಗುಟ್ಟನ್ನು ಅರಸುತ್ತದೆ. ಯಜಮಾನನ ಮುಖವನ್ನು ಕಂಡೊಡನೆ ನಂಬುವ ಊರು ತನ್ನ ನಾಶವನ್ನು ತಾನೇ ಬರಮಾಡಿಕೊಳ್ಳುತ್ತದೆ ಎಂಬ ಅರಿವು ಈ ಕೃತಿಗಳ ಹಿಂದಿದೆ.

ಇದೇ ಆಶಯವು ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ (1988) ಬೇರೊಂದು ಫಲ ಕೊಡುತ್ತದೆ. ಎ.ಕೆ. ರಾಮಾನುಜನ್ ಅವರಿಂದ ತಿಳಿದ ಕನ್ನಡ ಜನಪದ ಕಥೆಗಳು ಈ ನಾಟಕಕ್ಕೆ ಆಧಾರ. ರಾಮಾನುಜನ್ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ 1950ರ ದಶಕದಲ್ಲಿ ಈ ಭಾಗದ ಕಥೆಗಳನ್ನು ಸಂಗ್ರಹಿಸಿದವರು. ನಾಟಕದಲ್ಲಿ ಗಂಡ ಅಪ್ಪಣ್ಣನು ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ನಾಗನು ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುತ್ತಾನೆ. ಅವಳು ಗರ್ಭಿಣಿಯಾದಾಗ ಗಂಡನೇ ಪಂಚಾಯತಿ ಸೇರಿಸುತ್ತಾನೆ. ರಾಣಿಯು ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾವ ಗಂಡಸನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಅವಳ ಮಾತು ಅಕ್ಷರಶಃ ಸತ್ಯ. ಆದರೆ ಹಿರಿಯರು ಅದನ್ನು ತಮಗೆ ತಿಳಿದಂತೆ ಅರ್ಥೈಸಿಕೊಂಡು ಅವಳನ್ನು ದೇವಿಯೆಂದು ಸಾರುತ್ತಾರೆ. ಶಿವಾಪುರದಲ್ಲಿ ಮನೆಯನ್ನು ಹಾಳುಗೆಡವಿದ ರೂಪಾಂತರವೇ ಇಲ್ಲಿ ಹೆಣ್ಣಿಗೆ ಪ್ರೀತಿ, ಮಗು ಹಾಗೂ ಊರಿನ ಮನ್ನಣೆಯನ್ನು ತಂದುಕೊಡುತ್ತದೆ. ಕಂಬಾರರಲ್ಲಿ ಕಥೆ ಊರಿನ ನೋಟದಿಂದ ಸಾಗಿದರೆ, ಕಾರ್ನಾಡರಲ್ಲಿ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿಸಿಕೊಂಡವಳ ನೋಟದಿಂದ ಸಾಗುತ್ತದೆ. ಫಲದ ವ್ಯತ್ಯಾಸಕ್ಕೆ ಕಾರಣ ಕಾಮರೂಪಿಯ ಸ್ವಭಾವಕ್ಕಿಂತ ಹೆಚ್ಚಾಗಿ ಈ ದೃಷ್ಟಿಭೇದವೇ ಎಂದು ತೋರುತ್ತದೆ.

ಚಲನಚಿತ್ರಗಳ ಹೋಲಿಕೆಯಿಂದ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1941ರ 'ದಿ ವುಲ್ಫ್ ಮ್ಯಾನ್' ಚಿತ್ರದಲ್ಲಿ ಜ್ಯಾಕ್ ಪಿಯರ್ಸ್‌ನ ಪ್ರಸಾಧನವು ನಟ ಲಾನ್ ಚಾನಿ ಜೂನಿಯರ್‌ನನ್ನು ತೋಳವಾಗಿಸಿತು. 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರಕ್ಕಾಗಿ ರಿಕ್ ಬೇಕರ್ ಪ್ರಸಾಧನದ ಆಸ್ಕರ್ ಪ್ರಶಸ್ತಿಯನ್ನೇ ಪಡೆದನು. ಮೈ ಹಿಗ್ಗಿ, ಎಲುಬು ಚಾಚಿ, ರೋಮ ಮೂಡುವುದನ್ನು ಕಣ್ಣಾರೆ ಕಾಣಿಸುವುದೇ ಅಲ್ಲಿನ ಸಾಧನೆ. ಟಿ.ಎಸ್. ನಾಗಾಭರಣ ಅವರ 'ನಾಗಮಂಡಲ' (1997) ಚಿತ್ರದ ಬಲ ಇರುವುದು ಬೇರೆ ಕಡೆ. ಉತ್ತರ ಕರ್ನಾಟಕದ ಆಡುನುಡಿಯನ್ನು ಬಳಸಿದ ಈ ಚಿತ್ರದಲ್ಲಿ ಗಂಡನೂ ನಾಗನೂ ಒಬ್ಬರೇ ನಟ, ಪ್ರಕಾಶ್ ರೈ. ಮುಖ ಒಂದೇ ಆದಾಗ ಉಳಿಯುವ ಗುರುತು ನಡತೆ ಮಾತ್ರ. ಹಗಲಿನವನು ಗದರಿಸುತ್ತಾನೆ, ರಾತ್ರಿಯವನು ಮಾತನಾಡಿಸುತ್ತಾನೆ.

ಈ ಅಂಶವು ಜಾನಪದ ಸಂಶೋಧನೆಯ ವಿಧಾನಕ್ಕೂ ಸಂಬಂಧಿಸಿದೆ. ಆಶಯಗಳ ಪಟ್ಟಿಯಲ್ಲಿ ಶಿವಾಪುರದ ರಾಕ್ಷಸನೂ ರಾಣಿಯ ನಾಗನೂ 'ಗಂಡನ ರೂಪದಲ್ಲಿ ಬಂದವನು' ಎಂಬ ಒಂದೇ ಸಾಲಿನೊಳಗೆ ಸೇರಿಬಿಡುತ್ತಾರೆ. ಒಂದು ಕೇಡಿನ ಕಥೆ, ಇನ್ನೊಂದು ಬಿಡುಗಡೆಯ ಕಥೆ ಎಂಬುದು ಆ ಸಾಲಿನಲ್ಲಿ ಉಳಿಯುವುದಿಲ್ಲ. ತೇರದಾಳ, ರಬಕವಿ–ಬನಹಟ್ಟಿ, ಜಮಖಂಡಿ, ಮುಧೋಳ ಪರಿಸರದಲ್ಲಿ ಇಂಥ ಕಥೆಗಳನ್ನು ಸಂಗ್ರಹಿಸುವವರು ಕಥೆಯ ಜೊತೆಗೆ ಅದನ್ನು ಹೇಳಿದವರು ಹೆಣ್ಣೋ ಗಂಡೋ, ಕೇಳಿಸಿಕೊಂಡವರು ಯಾರು, ಹೇಳಿದ ಸ್ಥಳ ಅಡುಗೆಮನೆಯೋ ಊರ ಕಟ್ಟೆಯೋ ಎಂಬುದನ್ನೂ ದಾಖಲಿಸಬೇಕು. ಬಂದವನು ಗಂಡನೋ ಹುಲಿಯೋ ಹಾವೋ ಎಂದು ಪಂಚಾಯತಿಯು ಮುಖ ನೋಡಿ ತೀರ್ಮಾನಿಸುತ್ತದೆ. ಅವನೊಡನೆ ಬಾಳಿದವಳಿಗೆ ಬೇರೆ ಸಾಕ್ಷ್ಯವಿರುತ್ತದೆ. ಆ ಸಾಕ್ಷ್ಯವು ಕಥೆಯಾಗಿ ಉಳಿದುಬಂದಿರುವುದೇ ಈ ಪರಂಪರೆಯ ಬೆಲೆ.